ಪೈರಾನನಿಗೆ ಒಳಗಿನವರೊಬ್ಬರು ಸಿಕ್ಕಿದ್ದು

ಕೆಲಸ ಕಳೆದುಕೊಂಡವನಿಗೆ ಸಂಬಳವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಪುಕ್ಕಟೆ ಸಿಗುತ್ತದೆ. ಅದರಲ್ಲೂ ಬುದ್ಧಿಮಾತಿಗಂತೂ ಬರವೇ ಇಲ್ಲ. ಸೆಮಾರಾಂಗ್ ಊರಿನ ಕೆಳಕೇರಿಯಲ್ಲಿ, ಉಬ್ಬರ ಬಂದಾಗಲೆಲ್ಲ ಸಮುದ್ರದ ನೀರು ಹೇಳದೆ ಕೇಳದೆ ಮನೆಯೊಳಗೆ ನುಗ್ಗುವ ಗಲ್ಲಿಯಲ್ಲಿದ್ದ ಪೈರಾನನ ಮನೆಗೆ ಬುದ್ಧಿಮಾತು ಆ ನೀರಿಗಿಂತ ಧಾರಾಳವಾಗಿ ಹರಿದು ಬರುತ್ತಿತ್ತು. ಅವನು ಗುಮಾಸ್ತನಾಗಿದ್ದ ಕುರ್ಚಿ ಕಾರ್ಖಾನೆ ಬಾಗಿಲು ಹಾಕಿದ ದಿನದಿಂದ ಕೇರಿಯವರೆಲ್ಲ ಅವನ ಮೇಷ್ಟ್ರುಗಳಾಗಿಬಿಟ್ಟಿದ್ದರು. ‘ಇಂಟರ್‌ವ್ಯೂನಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ಬೇಕು’ ಎಂದ ಕ್ಷೌರಿಕ. ‘ಕಣ್ಣಲ್ಲಿ ಕಣ್ಣಿಟ್ರೆ ಸೊಕ್ಕು ಅಂತಾರೆ, ಗದ್ದ ನೋಡ್ಕೊಂಡು ಮಾತಾಡು’ ಎಂದಳು ತರಕಾರಿಯವಳು. ಪೈರಾನ್ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಒಂದು ಸಲ ಕಣ್ಣು, ಒಂದು ಸಲ ಗದ್ದ ನೋಡುತ್ತ ಹಿಂದಿನ ಸಂದರ್ಶನವನ್ನು ಮುಗಿಸಿದ್ದ. ಅವರು ಅವನಿಗೆ ಕೆಲಸದ ಬದಲು ಒಬ್ಬ ನರರೋಗ ವೈದ್ಯರ ವಿಳಾಸ ಕೊಟ್ಟು ಕಳಿಸಿದ್ದರು.

ಇದರಲ್ಲಿ ನಗುವಂಥದ್ದೇನೂ ಇರಲಿಲ್ಲ. ಅತ್ತೆ ಬು ಸಾರ್ತಿನಿ ಮಗಳಿಗೆ ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಳು.

‘ಸೋಮವಾರ ಏಜೆಂಟ್ ಬರ್ತಾನೆ’ ಎಂದು ಅವಳು ಒಗೆದ ಬಟ್ಟೆ ಹಿಂಡುತ್ತ ಹೇಳಿದ್ದಳು. ಹಿಂಡುತ್ತಿದ್ದದ್ದು ಅಳಿಯನ ಅಂಗಿಯೇ. ‘ಅಷ್ಟರಲ್ಲಿ ನಿಂಗೆ ಕೆಲಸ ಸಿಕ್ರೆ ವೆನಿಂಗ್ ಇಲ್ಲೇ ಇರ್ತಾಳೆ. ಇಲ್ಲಾಂದ್ರೆ ಹಾಂಗ್‌ಕಾಂಗಿಗೆ ಮನೆಗೆಲಸಕ್ಕೆ ಹೊರಟ್ಲು ಅಂತ ತಿಳ್ಕೋ. ಮನೇಲಿ ಒಬ್ರಾದ್ರೂ ದುಡೀಬೇಕಲ್ಲೋ ಮಾರಾಯ!’

ವೆನಿಂಗ್ ಅವ್ವ ತುಂಬಿಟ್ಟ ಸೂಟ್‌ಕೇಸನ್ನು ಅವ್ವ ಅತ್ತ ಹೋದೊಡನೆ ಖಾಲಿ ಮಾಡಿದಳು. ಅವ್ವ ಬಂದು ಮತ್ತೆ ತುಂಬಿದಳು. ಪೈರಾನನಿಗೆ ಹೆಂಡತಿಯಿಲ್ಲದ ಆ ಮನೆಯನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ. ಹಾಗಾಗಿಯೇ, ಬಂದರಿನ ಹತ್ತಿರದ ವಿಮಾ ಕಂಪನಿಯೊಂದರಿಂದ ಶುಕ್ರವಾರದ ಸಂದರ್ಶನಕ್ಕೆ ಕರೆ ಬಂದಾಗ ಅವನು ಹೊಸ ಬಯೋಡೇಟಾ ಮಾಡಿಸಲು ಚಾಹ್ಯೋನ ಜೆರಾಕ್ಸ್ ಅಂಗಡಿಗೆ ಓಡಿದ್ದು.

ಚಾಹ್ಯೋ ಬರಿ ಜೆರಾಕ್ಸ್ ಮಾಡುವವನಲ್ಲ. ಕೇರಿಯ ನಿರುದ್ಯೋಗಿಗಳ ಭವಿಷ್ಯವೆಲ್ಲ ಅವನ ಕಂಪ್ಯೂಟರಿನ ಮೂಲಕವೇ ಹಾದುಹೋಗಬೇಕು. ಪೈರಾನನನ್ನು ಸ್ಟೂಲಿನ ಮೇಲೆ ಕೂರಿಸಿ ಫೋಟೋ ಹಿಡಿದ. ಆ ದೇಶದ ನಿಯಮದಂತೆ, ಹುಟ್ಟಿದ ವರ್ಷ ಬೆಸ ಸಂಖ್ಯೆಯಾದ್ದರಿಂದ ಹಿಂದಿನ ಬಣ್ಣ ಕೆಂಪು. ಆಮೇಲೆ ಕುತ್ತಿಗೆಯ ಕೆಳಗೆ ಕಂಪ್ಯೂಟರಿನಲ್ಲಿದ್ದ ಕಪ್ಪು ಕೋಟು, ಟೈ ಅಂಟಿಸಿದ. ಆ ಕೋಟು ಯಾರ ಮೈಮೇಲಿನದೋ ಯಾರಿಗೂ ಗೊತ್ತಿಲ್ಲ. ಕೇರಿಯ ಗಂಡಸರೆಲ್ಲ ಅದನ್ನೇ ತೊಟ್ಟು ಅರ್ಜಿ ಹಾಕಿದವರು.

‘ನೋಡಪ್ಪ, ಬಯೋಡೇಟಾ ಒಂದೇ ಪುಟ ಇರ್ಬೇಕು. ಸುಳ್ಳು ಇರಬಾರ್ದು, ನಿಜಾನೂ ಜಾಸ್ತಿ ಇರಬಾರ್ದು’ ಎಂದ ಚಾಹ್ಯೋ. ‘ನಿನ್ನ ದೌರ್ಬಲ್ಯ ಏನು ಅಂತ ಕೇಳ್ತಾರೆ. ಅತಿಯಾಗಿ ದುಡಿಯೋದೇ ನನ್ನ ದೌರ್ಬಲ್ಯ ಅನ್ನು. ಸರಿ, ಈಗ ಮುಖ್ಯ ವಿಷಯಕ್ಕೆ ಬರೋಣ. ಒಳಗಿನವರು ಯಾರು?’

ಆ ಊರಿನಲ್ಲಿ ಈ ಪ್ರಶ್ನೆಯ ಅರ್ಥ ಎಳೆಮಕ್ಕಳಿಗೂ ಗೊತ್ತು. ಕಂಪನಿಯ ಒಳಗಿದ್ದುಕೊಂಡು ‘ನಮ್ಮ ಹುಡುಗ, ಸ್ವಲ್ಪ ನೋಡ್ಕೊಳ್ಳಿ’ ಎಂದು ಒಂದು ಮಾತು ಹಾಕುವ ಪುಣ್ಯಾತ್ಮರೇ ಒಳಗಿನವರು. ಅವರಿಲ್ಲದ ಅರ್ಜಿ ಪಕೋಡ ಕಟ್ಟಲಿಕ್ಕೆ ಹೋಗುತ್ತದೆ.

ಪೈರಾನ್ ತಡವರಿಸಿದ. ಪಕ್ಕದ ಅಂಗಡಿಗೆ ಸಕ್ಕರೆ ತರಲು ಬಂದು ಹಿಂದೆಯೇ ನಿಂತಿದ್ದ ಬು ಸಾರ್ತಿನಿ ಬಿಟ್ಟಾಳೆಯೇ?

‘ಇವನಿಗೆ ಒಳಗಿನವರು ಅಂತ ಇದ್ರೆ ಹೊಟ್ಟೆ ಒಳಗಿನ ಜಂತುಹುಳಾನೇ! ಮೂರು ಹೊತ್ತೂ ಕೂತಲ್ಲೇ ಅನ್ನ ಕೇಳುತ್ತೆ.’

ಅಂಗಡಿಯಲ್ಲಿದ್ದವರೆಲ್ಲ ಘೊಳ್ಳೆಂದು ನಕ್ಕರು. ಪೈರಾನನ ಕಿವಿ ಕೆಂಪಾಯಿತು. ಎದುರಿನ ಟೈರು ಅಂಗಡಿಯ ಬೋರ್ಡಿನಲ್ಲಿ ‘ಬ್ರೊತೊ’ ಎಂದಿತ್ತು. ಅದರ ಪಕ್ಕದ ಶವಪೆಟ್ಟಿಗೆ ಅಂಗಡಿಯ ಬೋರ್ಡಿನಲ್ಲಿ ‘ಮೆಂಗೊಲೊ’ ಎಂದಿತ್ತು. ಅವನ ಕಣ್ಣು ಎರಡನ್ನೂ ಓದಿತು, ಬಾಯಿ ಎರಡನ್ನೂ ಕೂಡಿಸಿಬಿಟ್ಟಿತು.

‘ಇದ್ದಾರೆ. ಪಾಕ್ ಬ್ರೊತೊಮೆಂಗೊಲೊ. ಮೇಲಿನ ಮಹಡೀಲಿ ಕೂರ್ತಾರೆ.’

ನಗು ನಿಂತಿತು. ಹಿರಿಯ ಹೆಂಗಸರನ್ನು ‘ಬು’, ಗಂಡಸರನ್ನು ‘ಪಾಕ್’ ಎನ್ನುವುದು ಆ ಊರಿನಲ್ಲಿ ಎಲ್ಲರಿಗೂ ಸಲ್ಲುವ ಮರ್ಯಾದೆ; ಆದರೆ ಇದು ಅಂಥಿಂಥ ಹೆಸರಲ್ಲ. ಸುಲ್ತಾನರ ಆಸ್ಥಾನದಲ್ಲಿ ಕಠಾರಿ ಸಿಕ್ಕಿಸಿಕೊಂಡು ಓಡಾಡುವವರ ಹೆಸರು. ಚಾಹ್ಯೋ ಎದ್ದು ನಿಂತುಕೊಂಡೇ ಅದನ್ನು ಬಯೋಡೇಟಾದ ಕೆಳಗೆ ದಪ್ಪಕ್ಷರದಲ್ಲಿ ಟೈಪು ಮಾಡಿದ.

ಹಕ್ಕಿಕಾಳು ಮಾರುವ ಕಾರ್ಸೊ ಅಜ್ಜ ಮಾತ್ರ ಮೂಲೆಯಿಂದ ಕೇಳಿದ: ‘ಯಾರ ಮಗನಪ್ಪ ಅವರು?’

‘ಗೊತ್ತಿಲ್ಲ ಅಜ್ಜ. ದೊಡ್ಡೋರು.’

‘ಭಾರದ ಹೆಸರು ಕಣೋ. ನನ್ನ ತಮ್ಮಂಗೆ ನಮ್ಮಪ್ಪ ಇಂಥದ್ದೇ ಒಂದು ಇಟ್ಟಿದ್ದ. ಮಗು ಎದ್ದು ಕೂರ್ಲೇ ಇಲ್ಲ, ಹೆಸರಿನ ಭಾರಕ್ಕೆ ಬೆನ್ನು ಬಗ್ಗಿಹೋಗಿತ್ತು. ಕೊನೆಗೆ ಸಬಾರ್ ಅಂತ ಹಗುರವಾಗಿ ಕರೆದ್ವಿ. ಮಾರನೇ ದಿನ ಎದ್ದು ಕೋಳಿ ಅಟ್ಟಿಸ್ಕೊಂಡು ಹೋದ.’ ಅಜ್ಜ ಕಾಳಿನ ಪೊಟ್ಟಣ ಕಟ್ಟುತ್ತ ಧ್ವನಿ ತಗ್ಗಿಸಿದ. ‘ಇಂಥ ಹೆಸರನ್ನ ಯಾರಾದ್ರೂ ಹೊತ್ಕೊಂಡಿರ್ಬೇಕು. ಹೊರೋರಿಲ್ದೆ ಹಾಗೇ ಬಿಟ್ರೆ ಅದು ಸುಮ್ನೆ ಬಿದ್ದಿರಲ್ಲ, ಹುಡುಕ್ಕೊಂಡು ಬರುತ್ತೆ.’

‘ಅಜ್ಜಂಗೆ ಬಿಸಿಲು ನೆತ್ತಿಗೇರಿದೆ’ ಎಂದು ಚಾಹ್ಯೋ ಫ್ಯಾನು ಅವನತ್ತ ತಿರುಗಿಸಿದ.

ಸಂಜೆಯ ಹೊತ್ತಿಗೆ ಪಾಕ್ ಬ್ರೊತೊಮೆಂಗೊಲೊ ಕೇರಿಯ ಆಸ್ತಿಯಾಗಿದ್ದರು. ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆಂದು ಎಲ್ಲರೂ ಅವರನ್ನು ಬಲ್ಲವರಾದರು. ಬು ಸಾರ್ತಿನಿಯೇ ಮೊದಲು: ‘ನಮ್ಮಪ್ಪನ ಕಾಲದಿಂದ ಪರಿಚಯ! ಹೆಣ್ಣಿನ ಕಡೆಯಿಂದ ನೋಡಿದ್ರೆ ದೂರದ ನೆಂಟರೇ ಆಗ್ಬೇಕು.’ ತರಕಾರಿಯವಳು ಅವರಿಗೆ ತಲುಪಿಸಲು ಒಂದು ಗೊನೆ ಬಾಳೆಹಣ್ಣು ತಂದಿಟ್ಟಳು. ಪೈರಾನ್ ಗೊನೆಯ ಹಣ್ಣು ತಿನ್ನುತ್ತ, ತಾನು ಹುಟ್ಟಿಸಿದ ಮನುಷ್ಯನ ಪ್ರಭಾವ ನೋಡಿ ಬೀಗಿದ. ಜೀವನದಲ್ಲಿ ಅವನು ಮಾಡಿದ ಏಕೈಕ ಸಾಧನೆ ಅದು, ಬೀಗಲಿ ಬಿಡಿ.

ಮಾರನೇ ದಿನ ವಾರ್ಡಿನ ಮುಖ್ಯಸ್ಥ ಪಾಕ್ ಸುಬೆಕ್ತಿ ಬಂದ.

‘ಪೈರಾನ್, ಬೆಳಿಗ್ಗೆ ಬಂದರಿನ ಹತ್ರ ನಿಮ್ಮೋರು ಸಿಕ್ಕಿದ್ರಪ್ಪ. ಎಂಥ ಗಾಂಭೀರ್ಯ! ಮಾತು ಕಮ್ಮಿ. ಬಾಯಿ ತೆರೆಯೋಕೆ ಮುಂಚೆ ಗಂಟಲು ಸರಿಮಾಡ್ಕೊಳ್ಳೋದು ಅವರ ಅಭ್ಯಾಸ.’

‘ಹೌದೌದು’ ಎಂದ ಪೈರಾನ್ ನಗು ತಡೆದುಕೊಂಡು.

ಸ್ವಲ್ಪ ಹೊತ್ತಿಗೆ ಕ್ಷೌರಿಕ ಬಂದ. ಮುಖ್ಯಸ್ಥನಿಗೂ ಅವನಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ‘ಇವತ್ತು ಅವರಿಗೆ ಗಡ್ಡ ಹೆರೆದೆ ಮಾರಾಯ. ಪಾಪ, ಮಾತಾಡೋ ಮುಂಚೆ ಪ್ರತಿ ಸಲ ಗಂಟಲು ಸರಿಮಾಡ್ಕೋತಾರೆ. ಧೂಳಿನ ಅಲರ್ಜಿ ಇರ್ಬೇಕು.’

ಪೈರಾನನ ಬಾಯಿಯಲ್ಲಿದ್ದ ಬಾಳೆಹಣ್ಣು ಅಲ್ಲೇ ನಿಂತಿತು.

‘ಏನಾದ್ರೂ ಹೇಳಿದ್ರಾ?’

‘ನಿನ್ನನ್ನೇ ಕೇಳಿದ್ರು. ಹುಡುಗ ಶುಕ್ರವಾರ ತಪ್ಪದೆ ಬರ್ತಾನಲ್ಲ ಅಂದ್ರು.’

ಶುಕ್ರವಾರ ಬೆಳಿಗ್ಗೆ ಪೈರಾನ್ ಹೋಗಲೋ ಬೇಡವೋ ಎಂದು ಹೊಸಿಲ ಮೇಲೆ ನಿಂತ. ಒಳಗೆ ವೆನಿಂಗ್ ಸೂಟ್‌ಕೇಸಿನ ಮೇಲೆ ಕೂತು ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಗಂಡನನ್ನು ಕರೆಯುವ ರೂಢಿಯಂತೆ ‘ಮಾಸ್’ ಎಂದು ಕರೆದು, ‘ನಂಗೆ ಹಾಂಗ್‌ಕಾಂಗ್ ಬೇಡ. ಅಲ್ಲಿ ಯಾರ ಜೊತೆ ಜಗಳ ಆಡ್ಲಿ?’ ಎಂದಳು. ಅಷ್ಟು ಸಾಕಾಯಿತು. ಅವನು ಅಂಗಿ ತೊಟ್ಟು ಹೊರಟ.

ವಿಮಾ ಕಂಪನಿಯದು ಡಚ್ಚರ ಕಾಲದ ಕಟ್ಟಡ. ಗೋಡೆಯ ಕೆಳಭಾಗದಲ್ಲಿ ಉಬ್ಬರದ ನೀರು ನಿಂತು ನಿಂತು ಹಸಿರು ಗೆರೆ ಬಿದ್ದಿತ್ತು. ಬಾಗಿಲ ಕಾವಲುಗಾರ ಸಂದರ್ಶನಕ್ಕೆ ಬಂದವರನ್ನೆಲ್ಲ ಬಿಸಿಲಲ್ಲಿ ಸಾಲು ನಿಲ್ಲಿಸಿದ್ದ. ಪೈರಾನನ ಬಯೋಡೇಟಾ ನೋಡಿದ್ದೇ ತಡ, ಅವನ ಬೆನ್ನು ನೆಟ್ಟಗಾಯಿತು.

‘ಪಾಕ್ ಬ್ರೊತೊ ಅವರ ಕಡೆಯವರಾ? ಮೊದಲೇ ಹೇಳೋದಲ್ವಾ ಸಾರ್? ಬನ್ನಿ, ಬನ್ನಿ. ಅವರು ಈಗ ತಾನೇ ಮೇಲೆ ಹೋದ್ರು.’

‘ನೀವು... ನೋಡಿದ್ರಾ?’

‘ಮೆಟ್ಟಿಲು ಹತ್ತೋ ಸದ್ದು ಕೇಳಿಸ್ತು. ಮುಖ ನೋಡೋಕೆ ಧೈರ್ಯ ಯಾರಿಗಿದೆ ಸಾರ್?’

ಸಂದರ್ಶನದ ಕೋಣೆಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಪಾಕ್ ಹೆಂದ್ರೊ, ಬೆವರು ಒರೆಸಿಕೊಳ್ಳುವುದೇ ಉದ್ಯೋಗವಾದ ದಪ್ಪನೆಯ ಮ್ಯಾನೇಜರು. ಇನ್ನೊಬ್ಬರು ಬು ರೆತ್ನಾನಿಂಗ್. ಕನ್ನಡಕದ ಮೇಲಿನಿಂದ ನೋಡಿಯೇ ಅಭ್ಯರ್ಥಿಗಳು ಅಳುವಂತೆ ಮಾಡುವವರು ಎಂದು ಹೊರಗಿನ ಸಾಲಿನಲ್ಲಿ ಮಾತಿತ್ತು. ಇಬ್ಬರ ಮುಂದೆಯೂ ಬಯೋಡೇಟಾದ ಪ್ರತಿ ಇತ್ತು. ಇಬ್ಬರೂ ಕೊನೆಯ ಸಾಲನ್ನು ಓದಿದರು, ಒಬ್ಬರ ಮುಖ ಒಬ್ಬರು ನೋಡಿದರು.

‘ಪಾಕ್ ಬ್ರೊತೊಮೆಂಗೊಲೊ ನಿಮಗೆ ಗೊತ್ತಲ್ಲ?’ ಎಂದು ಕೇಳಿದರು ಹೆಂದ್ರೊ, ಬು ರೆತ್ನಾನಿಂಗ್ ಅವರನ್ನು.

‘ಗೊತ್ತಿಲ್ದೆ ಏನು? ನಿಮಗೆ?’

‘ಅಯ್ಯೋ, ಚೆನ್ನಾಗಿ!’

ಅಲ್ಲಿಗೆ ಆ ವಿಷಯ ಇತ್ಯರ್ಥವಾಯಿತು. ದೊಡ್ಡ ದೊಡ್ಡ ಕಂಪನಿಗಳು ನಡೆಯುವುದು ಹೀಗೆಯೇ. ಪೈರಾನ್ ಇಬ್ಬರ ಕಣ್ಣು, ಗದ್ದಗಳನ್ನು ಸರದಿಯಂತೆ ನೋಡುತ್ತ ಕುರ್ಚಿಯ ಅಂಚಿನಲ್ಲಿ ಕೂತ.

‘ನಿಮ್ಮ ದೌರ್ಬಲ್ಯ ಏನು?’

ಚಾಹ್ಯೋ ಕಲಿಸಿದ್ದೆಲ್ಲ ಆ ಗಳಿಗೆಯಲ್ಲಿ ಹಾರಿಹೋಯಿತು. ‘ಸುಳ್ಳು ಹೇಳೋದು’ ಎಂದುಬಿಟ್ಟ ಪೈರಾನ್. ‘ಸ್ವಾಮಿ, ನಾನು ನಿಜ ಹೇಳಿಬಿಡ್ತೀನಿ. ಪಾಕ್ ಬ್ರೊತೊಮೆಂಗೊಲೊ ಅಂತ ಯಾರೂ ಇಲ್ಲ. ಟೈರು ಅಂಗಡಿ, ಹೆಣದ ಪೆಟ್ಟಿಗೆ ಅಂಗಡಿ ಎರಡನ್ನೂ ಸೇರಿಸಿ ನಾನೇ ಮಾಡಿದ ಹೆಸರು.’

ಬು ರೆತ್ನಾನಿಂಗ್ ನಿಧಾನವಾಗಿ ಕನ್ನಡಕ ತೆಗೆದರು. ಹೆಂದ್ರೊ ಎದ್ದು ಬಾಗಿಲು ಹಾಕಿ ಬಂದರು.

‘ಅರ್ಥ ಆಯ್ತು’ ಎಂದು ಅವರು ಪಿಸುಗುಟ್ಟಿದರು. ‘ಅವರು ಇಲ್ಲಿರೋ ವಿಷಯ ಹೊರಗೆ ಗೊತ್ತಾಗಬಾರ್ದು, ಅಷ್ಟೇ ತಾನೆ?’

‘ಅಲ್ಲ ಸ್ವಾಮಿ, ನಿಜವಾಗ್ಲೂ ಇಲ್ಲ!’

‘ಎಂಥ ನಿಷ್ಠೆ ನೋಡಿ ಬು’ ಎಂದರು ಹೆಂದ್ರೊ ಕಣ್ಣೊರೆಸಿಕೊಂಡು. ಬೆವರೋ ಕಣ್ಣೀರೋ ತಿಳಿಯುವಂತಿರಲಿಲ್ಲ. ‘ಬೆಳಿಗ್ಗೆ ಅವರೇ ಫೋನಲ್ಲಿ ಅಂದ್ರಲ್ಲ, ಹುಡುಗ ನಾನು ಇಲ್ಲ ಅಂತಲೇ ಹೇಳ್ತಾನೆ ಅಂತ.’

ಪೈರಾನ್ ಕುರ್ಚಿಯಿಂದ ಅರ್ಧ ಎದ್ದ. ‘ಫೋನಲ್ಲಿ ಯಾರು?’

‘ಅವರೇ. ಗಂಟಲು ಸರಿಮಾಡ್ಕೊಂಡ ಕೂಡ್ಲೇ ಗೊತ್ತಾಯ್ತು.’

ಬು ರೆತ್ನಾನಿಂಗ್ ಮಾತ್ರ ಬಯೋಡೇಟಾದ ಫೋಟೋವನ್ನೂ ಪೈರಾನನನ್ನೂ ಹೋಲಿಸಿ ನೋಡುತ್ತಿದ್ದರು. ‘ಈ ಫೋಟೋ ನಿಮ್ದೇನಾ? ನಿಮ್ಮ ಹಾಗೆ ಕಾಣಲ್ಲ. ಇದರಲ್ಲಿರೋರು ದೊಡ್ಡ ಮನುಷ್ಯರ ಥರ ಇದ್ದಾರೆ’ ಎಂದರು. ಪೈರಾನ್ ಬಗ್ಗಿ ನೋಡಿದ. ಅಂಗಡಿಯಲ್ಲಿ ತೆಗೆದಾಗ ಅವನ ಮುಖವೇ ಇತ್ತು. ಈಗ ಗದ್ದ ಸ್ವಲ್ಪ ಭಾರವಾಗಿತ್ತು, ಕಣ್ಣು ಅವನನ್ನೇ ನೋಡುತ್ತಿತ್ತು.

‘ಮೇಲೆ ಹೋಗಿ ಅವರಿಗೆ ನಮಸ್ಕಾರ ಹೇಳಿ ಬನ್ನಿ. ಅವರು ಸಹಿ ಹಾಕಿದ್ರೆ ಕೆಲಸ ನಿಮ್ದೇ’ ಎಂದು ಹೆಂದ್ರೊ ಮೆಟ್ಟಿಲು ತೋರಿಸಿದರು. ತಾವು ಮಾತ್ರ ಮೊದಲ ಮೆಟ್ಟಿಲಿಗೂ ಕಾಲಿಡಲಿಲ್ಲ.

ಓಡಿಹೋಗುವವನಾದರೆ ಪೈರಾನ್ ಆಗಲೇ ಓಡಬೇಕಿತ್ತು. ಕಾಲೇನೋ ಬಾಗಿಲ ಕಡೆಗೇ ಎಳೆಯಿತು. ಆದರೆ ಸೋಮವಾರ ಏಜೆಂಟನ ವ್ಯಾನು ಗಲ್ಲಿಯ ಬಾಯಲ್ಲಿ ನಿಂತು ಹಾರನ್ ಹೊಡೆಯುವುದು ಅವನ ಕಿವಿಗೆ ಈಗಲೇ ಕೇಳಿಸಿತು. ಅವನು ಮೇಲೆ ಹತ್ತಿದ.

ಮೇಲಿನ ಮಹಡಿಯ ಕೊನೆಯ ಬಾಗಿಲಿಗೆ ಹಿತ್ತಾಳೆಯ ಫಲಕವಿತ್ತು: ಬ್ರೊತೊಮೆಂಗೊಲೊ. ಅಕ್ಷರಗಳ ಸಂದಿನಲ್ಲಿ ಹಳೆಯ ಕಿಲುಬು ಕೂತಿತ್ತು. ಅವನು ಬಾಗಿಲು ತಟ್ಟಿದ. ಉತ್ತರವಿಲ್ಲ. ಒಳಗೆ ಹೋದ. ದೊಡ್ಡ ಮೇಜು, ಅದರ ಮೇಲೆ ತಟ್ಟೆ ಮುಚ್ಚಿದ ಕಪ್ಪು ಕಾಫಿಯ ಲೋಟ. ತಟ್ಟೆ ಎತ್ತಿದರೆ ಹಬೆಯಾಡುತ್ತಿತ್ತು. ಪಕ್ಕದ ಬಸಿಯಲ್ಲಿ ಲವಂಗದ ಸಿಗರೇಟು ಒಂದಿಷ್ಟು, ಮೂರು ಬಗೆಯ ಹೂವಿನ ಎಸಳು. ಜೀವಂತ ಮನುಷ್ಯನಿಗೆ ಆ ಊರಿನಲ್ಲಿ ಯಾರೂ ಕಾಫಿಯ ಜೊತೆ ಹೂವಿಡುವುದಿಲ್ಲ.

‘ಪಾಕ್?’ ಎಂದ ಪೈರಾನ್. ಧ್ವನಿ ಇಲಿಮರಿಯದರಂತಿತ್ತು. ‘ನಾನು ಪೈರಾನ್. ತಮ್ಮನ್ನು ಹಾಗೆ ಕೂಡಿಸಿಬಿಟ್ಟದ್ದಕ್ಕೆ ಕ್ಷಮಿಸ್ಬೇಕು. ಅತ್ತೆ ಎದುರಿಗಿದ್ದಳು, ದಾರಿ ಇರ್ಲಿಲ್ಲ.’

ಏರ್ ಕಂಡೀಷನರು ಗುಂಯ್‌ಗುಟ್ಟಿತು, ಅಷ್ಟೆ. ಕೋಣೆಯಲ್ಲಿ ಮೂಳೆ ಕೊರೆಯುವ ಚಳಿ. ಸ್ವಲ್ಪ ಹೊತ್ತು ನಿಂತ; ಹಲ್ಲು ಕಟಕಟಿಸಿತು. ಕುರ್ಚಿಯ ಬೆನ್ನಿಗೆ ಒಂದು ಕಪ್ಪು ಕೋಟು ತೂಗುಬಿದ್ದಿತ್ತು. ಯಾರಾದರೂ ಬರುವವರೆಗೆ ಎಂದುಕೊಂಡು ಅದನ್ನು ಹೆಗಲಿಗೆ ಹಾಕಿಕೊಂಡ. ಅಳತೆ ತೆಗೆದು ಹೊಲಿಸಿದಂತೆ ಕೂತಿತು. ನಿಂತು ಕಾಲು ಸೋತಿತ್ತು, ಕುರ್ಚಿಯಲ್ಲಿ ಕೂತ. ಇಂಥ ಕಡೆ ಕೂರಬಾರದೆಂದು ಯಾವ ಬುದ್ಧಿಮಾತುಗಾರನೂ ಅವನಿಗೆ ಹೇಳಿರಲಿಲ್ಲ.

ಬಾಗಿಲು ತೆರೆದು ಒಬ್ಬ ಗುಮಾಸ್ತ ನೆಲ ನೋಡುತ್ತಲೇ ಒಳಬಂದ. ಕೈಯಲ್ಲಿ ಒಂದು ಕಾಗದವಿತ್ತು.

‘ಪಾಕ್, ತಮ್ಮ ಅಪ್ಪಣೆ ಬೇಕಾಗಿತ್ತು. ಪೈರಾನ್ ಅನ್ನೋ ಅಭ್ಯರ್ಥೀನ ಎಷ್ಟು ಕೂಗಿದ್ರೂ ಉತ್ತರ ಇಲ್ಲ. ಕೆಳಗೆಲ್ಲೂ ಇಲ್ಲ. ಹೆಸರು ಹೊಡೆದು ಹಾಕ್ಲಾ?’

‘ಅಯ್ಯೋ, ನಾನೇ ಪೈರಾನ್!’

ಗುಮಾಸ್ತ ಭಯಭಕ್ತಿಯಿಂದ ನಕ್ಕ. ‘ಪಾಕ್ ತಮಾಷೆ ಮಾಡ್ತೀರಿ.’

‘ತಮಾಷೆ ಅಲ್ಲ ಕಣಯ್ಯ, ತಲೆ ಎತ್ತಿ ನನ್ನ ಮುಖ ನೋಡು!’

ಗುಮಾಸ್ತ ತಲೆ ಎತ್ತಿ ನೋಡಿದ. ನೋಡಿದವನೇ ಬಿಳಚಿಕೊಂಡು ಮತ್ತೆ ನೆಲ ನೋಡಿದ. ‘ನೋಡಿದೆ ಪಾಕ್. ತಪ್ಪಾಯ್ತು ಪಾಕ್. ಹಾಗಾದ್ರೆ ಪೈರಾನ್ ಬರಲಿಲ್ಲ ಅಂತ ಬರೆದು ಆ ಕೆಲಸ ಮುಂದಿನವರಿಗೆ ಕೊಟ್ಟುಬಿಡ್ತೀನಿ. ಇಲ್ಲಾ, ತಾವು ಇಲ್ಲೊಂದು ಸಹಿ ಹಾಕಿದ್ರೆ ಅವನಿಗೇ ಕೊಡಬಹುದು. ತಮ್ಮ ಸಹಿ ಇದ್ರೆ ಆಸಾಮಿ ಇರಲೇಬೇಕು ಅಂತೇನಿಲ್ಲ.’

ಪೈರಾನ್ ಕಾಗದ ನೋಡಿದ. ಕಾಯಂ ಕೆಲಸ, ತಿಂಗಳ ಸಂಬಳ, ಮನೆಯವರಿಗೆ ಆಸ್ಪತ್ರೆ ಖರ್ಚು. ಕೆಳಗೆ ಸಹಿಗೆ ಬಿಟ್ಟ ಜಾಗ. ಅಲ್ಲಿ ಪೈರಾನನ ಸಹಿಗೆ ಮೂರು ಕಾಸಿನ ಬೆಲೆಯಿಲ್ಲ. ಆ ಇನ್ನೊಂದು ಹೆಸರನ್ನು ಬರೆಯುವವರು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ವೆನಿಂಗ್ ಸೂಟ್‌ಕೇಸಿನ ಮೇಲೆ ಕೂತದ್ದನ್ನು ನೆನೆದ. ಅವನಿಗೆ ಅಳು ಬಂತು. ನುಂಗಿಕೊಳ್ಳಲು ಗಂಟಲು ಸರಿಮಾಡಿಕೊಂಡ. ಆ ಸದ್ದಿಗೆ ಗುಮಾಸ್ತ ಇನ್ನೂ ಒಂದು ಗೇಣು ಬಗ್ಗಿದ.

ಪೈರಾನ್ ಸಹಿ ಹಾಕಿದ. ಹುಟ್ಟಿದಾಗಿನಿಂದ ಅಭ್ಯಾಸವಿದ್ದವನಂತೆ ಕೈ ಓಡಿತು. ಹೆಗಲ ಮೇಲೆ ಏನೋ ಭಾರ ಬಂದು ಕೂತಿತು, ಕೋಟಿನದಿರಬೇಕು ಎಂದುಕೊಂಡ.

ಕೆಳಗಿಳಿದಾಗ ಹೆಂದ್ರೊ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಪೈರಾನ್ ಕೋಟು ಬಿಚ್ಚಿ ಕಾವಲುಗಾರನ ಕೈಗೆ ಕೊಟ್ಟ. ಕಾವಲುಗಾರ ಅದನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡ. ಕೋಟು ಹೋಯಿತು, ಭಾರ ಹೋಗಲಿಲ್ಲ. ಗಲ್ಲಿಯಲ್ಲಿ ಕ್ಷೌರಿಕ ಕತ್ತರಿ ಕೆಳಗಿಟ್ಟು ಎದ್ದು ನಿಂತ. ಚಾಹ್ಯೋ ಅಂಗಡಿಯಿಂದ ಇಳಿದು ಬಂದು ಬಗ್ಗಿ ನಮಸ್ಕರಿಸಿದ. ಕಾರ್ಸೊ ಅಜ್ಜ ಮಾತ್ರ ಅವನ ಬೆನ್ನು ನೋಡಿ ‘ಅಯ್ಯೋ ಮಗನೇ’ ಎಂದ. ಅದಕ್ಕಿಂತ ಹೆಚ್ಚು ಹೇಳಲು ಅವನಿಗೂ ಧೈರ್ಯ ಬರಲಿಲ್ಲ.

ಬು ಸಾರ್ತಿನಿ ಬಾಗಿಲು ತೆರೆದಳು. ತೆರೆದವಳೇ ಸೆರಗು ಸರಿಮಾಡಿಕೊಂಡು, ಅಳಿಯನ ಜೊತೆ ಈ ಜನ್ಮದಲ್ಲಿ ಆಡದಷ್ಟು ಮೆತ್ತಗೆ ಮಾತಾಡಿದಳು.

‘ದಯಮಾಡಿಸ್ಬೇಕು ಪಾಕ್! ತಾವು ಈ ಬಡವರ ಮನೆಗೆ! ವೆನಿಂಗ್, ಚಾಪೆ ಹಾಕೇ! ಅಯ್ಯೋ, ಚಾಪೆ ಬೇಡ, ಕುರ್ಚಿ ತಾ!’

‘ಅತ್ತೆ, ನಾನು...’

‘ನನ್ನನ್ನ ಅತ್ತೆ ಅಂತೀರಾ? ಎಂಥ ದೊಡ್ಡ ಗುಣ! ನಾನು ಹೇಳ್ತಾ ಇರ್ಲಿಲ್ವಾ, ದೂರದ ನೆಂಟರು ಅಂತ!’ ಅವಳ ಕಣ್ಣಲ್ಲಿ ನೀರು ಬಂತು. ‘ಪಾಕ್, ನನ್ನ ಅಳಿಯ ಒಬ್ಬ ಇದ್ದಾನೆ. ಬೆಪ್ಪುತಕ್ಕಡಿ, ಆದ್ರೆ ಕೆಟ್ಟವನಲ್ಲ. ಇದು ಅವನ ಮುಖದ ಎದುರಿಗೆ ನಾನು ಯಾವತ್ತೂ ಹೇಳಿಲ್ಲ. ಅವನಿಗೊಂದು ಕೆಲಸ ಆಗಿಬಿಟ್ರೆ ನನ್ನ ಮಗಳು ದೂರದೇಶಕ್ಕೆ ಹೋಗೋದು ತಪ್ಪುತ್ತೆ.’

ಪೈರಾನ್ ಗಂಟಲು ಸರಿಮಾಡಿಕೊಂಡ. ಬೇಡವೆಂದರೂ ಅದು ತಾನಾಗಿ ಆಗುತ್ತಿತ್ತು. ‘ಕೆಲಸ ಆಗಿದೆ. ನಾನೇ ಸಹಿ ಹಾಕಿದ್ದೀನಿ. ತಿಂಗಳು ತಿಂಗಳು ಸಂಬಳ ಈ ಮನೆಗೇ ಬರುತ್ತೆ. ಮಗಳನ್ನ ಕಳಿಸಬೇಡಿ.’

‘ಮನೆಗೇ ಬರುತ್ತಾ?’ ಬು ಸಾರ್ತಿನಿ ಕಣ್ಣೊರೆಸಿಕೊಂಡಳು. ‘ಅಂದ್ರೆ, ಅವನು ಬಂದ್ರೂ ಬರದಿದ್ರೂ?’

‘ಬಂದ್ರೂ ಬರದಿದ್ರೂ.’

‘ಹಾಗಾದ್ರೆ ಅವನಿಗೇನೂ ಅವಸರ ಇಲ್ಲ ಬಿಡಿ ಪಾಕ್!’ ಎಂದು ಅವಳು ಸಂತೋಷದಿಂದ ಒಳಗೆ ಓಡಿದಳು. ಸೂಟ್‌ಕೇಸನ್ನು ಅಟ್ಟಕ್ಕೆ ಎಸೆದ ಸದ್ದು ಕೇಳಿತು.

ವೆನಿಂಗ್ ಕುರ್ಚಿ ತಂದಿಟ್ಟು ತಲೆ ತಗ್ಗಿಸಿ ನಿಂತಳು. ಅವನು ಅವಳ ಹೆಸರು ಹಿಡಿದು ಕರೆದ. ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಅವನು ಇನ್ನೊಮ್ಮೆ ಕರೆಯಲಿಲ್ಲ. ಕುರ್ಚಿಯಲ್ಲಿ ಕೂರಲೂ ಇಲ್ಲ. ಹೊಸಿಲು ದಾಟಿ ಹೊರಟ.

ಅವನು ಗಲ್ಲಿಯ ತಿರುವು ಮುಟ್ಟುವಷ್ಟರಲ್ಲಿ ಹಿಂದಿನಿಂದ ಚಪ್ಪಲಿಯ ಸದ್ದು ಕೇಳಿಸಿತು. ವೆನಿಂಗ್ ಓಡಿಬಂದಿದ್ದಳು. ಅವಳ ಕಣ್ಣು ಅವನ ಹೆಗಲಾಚೆಯ ದಾರಿಯ ಮೇಲಿತ್ತು.

‘ಪಾಕ್, ತಪ್ಪು ತಿಳೀಬೇಡಿ. ದಾರೀಲಿ ನಮ್ಮೋರು ಸಿಕ್ಕಿದ್ರೆ ಬೇಗ ಮನೆಗೆ ಬರೋಕೆ ಹೇಳ್ತೀರಾ? ಊಟ ಆರಿಹೋಗ್ತಾ ಇದೆ.’

‘ಹೇಳ್ತೀನಮ್ಮ’ ಎಂದ ಅವನು.